ಆ ಗಾಳಿಜಾಲರಿ ಸಿನಿಮಾದ್ದಲ್ಲ, ನಾನು ಕೂರಿಸಿದ್ದು

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣಿಲಿ ಹಳೇ ಬಾಹ್ಯಾಕಾಶ ಸಿನಿಮಾಗಳ ಬಗ್ಗೆ ಒಂದು ಲೇಖನ ಬಂದಿತ್ತಲ್ಲ, ಅದರ ಜೊತೆ ಅರ್ಧ ಪುಟ ತುಂಬೋ ಹಾಗೆ ಒಂದು ಚಿತ್ರ ಹಾಕಿದ್ರಿ, ಬಿಳೀ ಗೋಡೆ, ಎರಡೂ ಕಡೆ ಮೇಲಕ್ಕೆ ಬಾಗ್ತಾ ಹೋಗೋ ನೆಲ, ಗೋಡೆಲಿ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದ ಹ್ಯಾಲ್ ಅನ್ನೋ ಮಾತಾಡೋ ಕಂಪ್ಯೂಟರಿನ ಕೆಂಪು ಕಣ್ಣು, ಕೆಳಗಡೆ ‘1968ರ ಚಿತ್ರದ ಒಂದು ದೃಶ್ಯ’ ಅಂತ ಸಾಲು. ಆ ಚಿತ್ರ ಸಿನಿಮಾದ್ದಲ್ಲ. ಆ ಸಿನಿಮಾ ಸೆಟ್ಟನ್ನ ಅಭಿಮಾನಿಗಳು ಕಂಪ್ಯೂಟರಲ್ಲಿ ಮತ್ತೆ ಕಟ್ಟಿರೋ ಮಾಡೆಲ್ಲಿಂದ ತೆಗೆದಿದ್ದು. ಇಷ್ಟು ಖಡಾಖಂಡಿತವಾಗಿ ಹೇಗೆ ಹೇಳ್ತೀರಿ ಅಂತ ಕೇಳಬಹುದು. ಚಿತ್ರದ ಎಡಗಡೆ, ಗೋಡೆ ನೆಲಕ್ಕೆ ಸೇರೋ ಕಡೆ, ಆರು ಸೀಳಿರೋ ಒಂದು ಗಾಳಿಜಾಲರಿ ಕಾಣುತ್ತೆ ನೋಡಿ, ಅದರಲ್ಲಿ ಐದನೇ ಸೀಳು ಉಳಿದವುಗಳಿಗಿಂತ ಒಂಚೂರು ಗಿಡ್ಡ. ಆ ಜಾಲರಿ ಮಾಡಿದ್ದು ನಾನು. ಐದನೇ ಸೀಳನ್ನ ಕೊನೇವರೆಗೂ ಎಳೀದೆ ಬಿಟ್ಟಿದ್ದೂ ನಾನೇ.

ಸಿಟ್ಟಿಂದ ಬರೀತಿಲ್ಲ. ಲೇಖನ ಚೆನ್ನಾಗಿತ್ತು, ಬರೆದವರು ಆ ಸಿನಿಮಾನ ಮನಸಿಟ್ಟು ನೋಡಿದಾರೆ ಅನ್ನೋದು ಸಾಲು ಸಾಲಲ್ಲೂ ಗೊತ್ತಾಗುತ್ತೆ, ಮತ್ತೆ ಆ ಚಿತ್ರ ಈಗ ಎಷ್ಟೋ ಕಡೆ ಸಿನಿಮಾದ್ದೇ ಅನ್ನೋ ಹೆಸರಲ್ಲಿ ಓಡಾಡ್ತಿರೋದ್ರಿಂದ ಯಾರು ಬೇಕಾದ್ರೂ ಮೋಸಹೋಗ್ತಾರೆ. ಆದ್ರೆ ಪೇಪರಲ್ಲಿ ಅಚ್ಚಾದ ಮೇಲೆ ಒಂದು ಚಿತ್ರಕ್ಕೆ ಸಾಕ್ಷಿಯ ತೂಕ ಬಂದುಬಿಡುತ್ತೆ, ನಾಳೆ ಇನ್ನೊಬ್ರು ಅದನ್ನೇ ತೋರಿಸಿ ‘ನೋಡಿ ಸೆಟ್ಟಲ್ಲಿ ಹಿಂಗಿತ್ತು’ ಅಂತಾರೆ. ಅದಕ್ಕೆ ಒಂದು ತಿದ್ದುಪಡಿ ಹಾಕಿ ಅಂತ ಕೇಳೋಕೆ ಈ ಪತ್ರ. ಬರೀ ತಿದ್ದುಪಡಿ ಅಂದಿದ್ರೆ ನಾಲ್ಕು ಸಾಲು ಸಾಕಿತ್ತು, ಆದ್ರೆ ಈ ಕೆಲಸ ಏನು, ಯಾಕೆ ಇಷ್ಟು ಜನ ರಾತ್ರಿ ನಿದ್ದೆ ಬಿಟ್ಟು ಮಾಡ್ತಾರೆ, ಅದರಲ್ಲಿ ಎಲ್ಲಿ ಎಡವ್ತೀವಿ ಅಂತ ಹೇಳದೇ ಇದ್ರೆ ತಿದ್ದುಪಡಿಗೆ ಅರ್ಥ ಇರಲ್ಲ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಸಿನಿಮಾ ‘2001: ಎ ಸ್ಪೇಸ್ ಒಡಿಸ್ಸಿ’, ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್, ಅದರೊಳಗಿನ ನೌಕೆ ಡಿಸ್ಕವರಿ. ನೌಕೆಯ ಒಳಗೆ ಗಗನಯಾತ್ರಿಗಳು ಇರೋ ಜಾಗ ಒಂದು ದೊಡ್ಡ ತಿರುಗೋ ಚಕ್ರ, ಅದು ತಿರುಗೋದ್ರಿಂದ ಒಳಗಿರೋರಿಗೆ ಭಾರ ಸಿಗುತ್ತೆ ಅನ್ನೋ ಲೆಕ್ಕ. ಈ ಚಕ್ರನ ಕುಬ್ರಿಕ್ ನಿಜವಾಗ್ಲೂ ಕಟ್ಟಿಸಿದ್ರು, ಲಂಡನ್ ಹತ್ರ ಬೋರಮ್‌ವುಡ್‌ನಲ್ಲಿದ್ದ ಎಂಜಿಎಂ ಬ್ರಿಟಿಷ್ ಸ್ಟುಡಿಯೋದಲ್ಲಿ, ಕಟ್ಟಿದ್ದು ವಿಕರ್ಸ್ ಆರ್ಮ್‌ಸ್ಟ್ರಾಂಗ್ ಅನ್ನೋ ಎಂಜಿನಿಯರಿಂಗ್ ಕಂಪನಿ. 38 ಅಡಿ ವ್ಯಾಸ, 30 ಟನ್ ತೂಕ, ಖರ್ಚು ಆಗಿನ ಕಾಲಕ್ಕೆ ಏಳೂವರೆ ಲಕ್ಷ ಡಾಲರ್. ಗಂಟೆಗೆ 3 ಮೈಲಿ ವೇಗದವರೆಗೆ ತಿರುಗ್ತಿತ್ತು, ಅಂದ್ರೆ ಮನುಷ್ಯ ನಡೆಯೋ ವೇಗ, ಅಷ್ಟೇ ಬೇಕಾಗಿತ್ತು. ಯಾಕಂದ್ರೆ ನಟ ಯಾವಾಗ್ಲೂ ಚಕ್ರದ ತಳದಲ್ಲೇ ನಡೀತಿರ್ತಾನೆ, ಅವನ ಕಾಲಡಿ ನೆಲ ಹಿಂದಕ್ಕೆ ಸರೀತಿರುತ್ತೆ, ಕ್ಯಾಮೆರಾನ ಚಕ್ರಕ್ಕೇ ಬಿಗಿದು ಅದರ ಜೊತೆ ತಿರುಗಿಸಿದ್ರೆ ನೋಡೋರಿಗೆ ಅವನೇ ಗೋಡೆ ಹತ್ತಿ ಛಾವಣಿ ದಾಟಿ ಸುತ್ತು ಹೊಡೆದ ಹಾಗೆ ಕಾಣುತ್ತೆ. ಒಬ್ಬ ನಟ ಏಣಿ ಇಳಿದು ಬಂದು, ತಲೆಕೆಳಗಾಗಿ ಊಟ ಮಾಡ್ತಾ ಕೂತಿರೋ ಇನ್ನೊಬ್ಬನ ಹತ್ರ ಆರಾಮಾಗಿ ನಡೆದು ಹೋಗೋ ದೃಶ್ಯ ಇದೆಯಲ್ಲ, ಅದರಲ್ಲಿ ಕೂತಿದ್ದ ನಟನ್ನ ಕುರ್ಚಿಗೆ ಬೆಲ್ಟ್ ಹಾಕಿ ಕಟ್ಟಿ, ಮೇಲೆ ನೇತುಹಾಕಿದ ಹಾಗೆ ನಿಲ್ಲಿಸಿ, ಆಮೇಲೆ ಚಕ್ರ ತಿರುಗಿಸಿ ಕೆಳಗೆ ತಂದಿದ್ದು. ಕುಬ್ರಿಕ್ ಹೊರಗಡೆ ಕೂತು ಟಿವಿ ಪರದೆ ನೋಡ್ಕೊಂಡು ನಿರ್ದೇಶನ ಮಾಡ್ತಿದ್ರು. ಒಳಗೆ ಪ್ಯಾನಲ್‌ಗಳಲ್ಲಿ ಕಾಣೋ ಕಂಪ್ಯೂಟರ್ ಪರದೆಗಳು ಕಂಪ್ಯೂಟರ್ ಪರದೆಗಳೇ ಅಲ್ಲ, ಹಿಂದಿನಿಂದ 16 ಎಂಎಂ ಪ್ರೊಜೆಕ್ಟರ್ ಇಟ್ಟು ಬಿಟ್ಟ ಫಿಲ್ಮು, ಆ ಪ್ರೊಜೆಕ್ಟರುಗಳೂ ಚಕ್ರದ ಜೊತೆ ತಿರುಗ್ತಿದ್ವು, ದೀಪಗಳು ಬಿಸಿಗೆ ಒಡೆದು ಬೀಳ್ತಿದ್ವು ಅಂತ ಕೆಲಸಗಾರರು ತಲೆಗೆ ಹೆಲ್ಮೆಟ್ ಹಾಕ್ಕೊಳ್ತಿದ್ರು.

ಇಷ್ಟು ದೊಡ್ಡ ವಸ್ತು ಇವತ್ತು ಎಲ್ಲೂ ಇಲ್ಲ. ಶೂಟಿಂಗ್ ಮುಗಿದ ಮೇಲೆ ಸೆಟ್ಟು, ಮಾಡೆಲ್ಲು, ನಕ್ಷೆ ಯಾವುದೂ ಇನ್ನೊಂದು ಅಗ್ಗದ ಸಿನಿಮಾದಲ್ಲಿ ಮತ್ತೆ ಕಾಣಿಸಬಾರದು ಅಂತ ಕುಬ್ರಿಕ್ ನಾಶ ಮಾಡಿಸಿಬಿಟ್ರು. ಡಿಸ್ಕವರಿ ನೌಕೆಯ ಹೊರಗಿನ ಮಾಡೆಲ್ 54 ಅಡಿ ಉದ್ದ ಇತ್ತು, ಅದೂ ಹೋಯ್ತು. ಆ ಸ್ಟುಡಿಯೋನೇ 1970ರಲ್ಲಿ ಬಾಗಿಲು ಹಾಕ್ತು. ಚಂದ್ರನ ಮೇಲೆ ಇಳಿಯೋ ದುಂಡಗಿನ ನೌಕೆಯ ಮಾಡೆಲ್ ಒಂದು ಹೇಗೋ ಉಳಿದಿತ್ತು, 2015ರಲ್ಲಿ ಅದು ಹರಾಜಿಗೆ ಬಂದಾಗ ಆಸ್ಕರ್ ಪ್ರಶಸ್ತಿ ಕೊಡೋ ಅಕಾಡೆಮಿ 3,44,000 ಡಾಲರ್ ಕೊಟ್ಟು ತಗೊಂಡ್ತು. ಕುಬ್ರಿಕ್ ಅವರ ಕಾಗದಪತ್ರಗಳು ಲಂಡನ್ನಿನ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್‌ನಲ್ಲಿವೆ, ಹೋಗಿ ನೋಡಬಹುದು, ಆದ್ರೆ ಕಾಗದ ಕಾಗದವೇ, ಒಳಗೆ ನಡೆದಾಡೋಕಾಗಲ್ಲ. ಚಕ್ರದ ಒಳಗಡೆ ಮತ್ತೆ ಕಾಲಿಡಬೇಕು ಅಂದ್ರೆ ಅದನ್ನ ಸಿನಿಮಾದ ಫ್ರೇಮುಗಳಿಂದ ಅಳೆದು ಅಳೆದು ಮತ್ತೆ ಕಟ್ಟೋದು ಬಿಟ್ರೆ ಬೇರೆ ದಾರಿ ಇಲ್ಲ.

ಇದು ನಮ್ಮಂಥ ಅಭಿಮಾನಿಗಳು ಹುಡುಕಿದ ದಾರಿ ಅಂತ ಅಂದ್ಕೋಬೇಡಿ. 1984ರಲ್ಲಿ ಇದೇ ಕಥೆಯ ಮುಂದಿನ ಭಾಗ ಸಿನಿಮಾ ಮಾಡುವಾಗ ನಿರ್ದೇಶಕ ಪೀಟರ್ ಹೈಮ್ಸ್ ಅವರ ತಂಡಕ್ಕೂ ಇದೇ ಗತಿ ಬಂದಿತ್ತು. ಡಿಸ್ಕವರಿ ಬೇಕು, ನಕ್ಷೆ ಇಲ್ಲ, ಮಾಡೆಲ್ ಇಲ್ಲ, ಕಡೆಗೆ ಹಳೇ ಸಿನಿಮಾದ ಫ್ರೇಮುಗಳನ್ನ ದೊಡ್ಡದು ಮಾಡಿಸಿ ಅದನ್ನ ನೋಡ್ಕೊಂಡು ನೌಕೆನ ಒಳಗೂ ಹೊರಗೂ ಮತ್ತೆ ಕಟ್ಟಿದ್ರು. ಹಾಲಿವುಡ್ ದುಡ್ಡು, ಹಾಲಿವುಡ್ ಬಡಗಿಗಳು, ವಿಧಾನ ಮಾತ್ರ ನಮ್ಮದೇ. ಅಷ್ಟು ಜೋಪಾನ ಮಾಡಿದ್ರೂ ಒಂದು ವ್ಯತ್ಯಾಸ ಉಳೀತು, ಹಳೇ ಸಿನಿಮಾದ ಪರದೆಗಳು ಪ್ರೊಜೆಕ್ಟರ್ ಫಿಲ್ಮಾಗಿದ್ರಿಂದ ಪೂರ್ತಿ ಚಪ್ಪಟೆ, ಹೊಸದ್ರಲ್ಲಿ ಆ ಕಾಲದ ಟಿವಿ ಟ್ಯೂಬ್ ಹಾಕಿದ್ರಿಂದ ಗಾಜು ಉಬ್ಬಿಕೊಂಡಿರುತ್ತೆ. ಎರಡೂ ಸಿನಿಮಾದ ಫೋಟೋ ಒಂದರ ಪಕ್ಕ ಒಂದು ಇಟ್ರೆ ನಾನು ಮೊದಲು ನೋಡೋದು ಆ ಗಾಜನ್ನೇ.

ಇನ್ನು ನಾವು ಮಾಡೋದು ಹೇಗೆ ಅಂತ. ಬ್ಲೆಂಡರ್ ಅನ್ನೋ 3ಡಿ ಮಾಡೆಲ್ ಕಟ್ಟೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಅದರಲ್ಲಿ ಸಿನಿಮಾದ ಒಂದು ಫ್ರೇಮನ್ನ ಹಿನ್ನೆಲೆಗೆ ಇಟ್ಟು, ಆ ಶಾಟ್ ತೆಗೆದಾಗ ಕ್ಯಾಮೆರಾ ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು, ಲೆನ್ಸ್ ಎಷ್ಟು ಅಗಲ ನೋಡ್ತಿತ್ತು ಅಂತ ಮೊದಲು ಲೆಕ್ಕ ಹಾಕಬೇಕು. ಸಾಮಾನ್ಯ ಕೋಣೆ ಆದ್ರೆ ಇದು ಕಷ್ಟ ಅಲ್ಲ, ನೆಲದ ಗೆರೆ, ಗೋಡೆಯ ಗೆರೆ ಎಲ್ಲಾ ದೂರದಲ್ಲಿ ಒಂದು ಬಿಂದುಗೆ ಸೇರ್ತವೆ, ಆ ಬಿಂದು ಸಿಕ್ರೆ ಕ್ಯಾಮೆರಾ ಸಿಕ್ಕ ಹಾಗೆ. ಈ ಚಕ್ರದಲ್ಲಿ ಅದೇ ತಲೆನೋವು, ಉದ್ದಕ್ಕೆ ಹೋಗೋ ಗೆರೆ ಒಂದೂ ನೆಟ್ಟಗಿಲ್ಲ, ಎಲ್ಲಾ ಬಾಗಿಕೊಂಡು ಮೇಲಕ್ಕೆ ಹೋಗ್ತವೆ. ಚಕ್ರದ ಅಡ್ಡಕ್ಕೆ, ಅಂದ್ರೆ ಅಚ್ಚಿನ ದಿಕ್ಕಿಗೆ ಇರೋ ಅಂಚುಗಳು ಮಾತ್ರ ನೇರ, ಆ ನಾಲ್ಕೈದು ಗಿಡ್ಡ ಗೆರೆ ಹಿಡ್ಕೊಂಡೇ ಎಲ್ಲಾ ಕಂಡುಹಿಡೀಬೇಕು. ಒಂದು ಫ್ರೇಮಿಗೆ ಮಾಡೆಲ್ ಸರಿಯಾಗಿ ಕೂತ್ರೆ ಸಾಲಲ್ಲ, ಅದೇ ಮಾಡೆಲ್ ಎರಡನೇ ಫ್ರೇಮಿಗೆ, ಹತ್ತನೇ ಫ್ರೇಮಿಗೆ, ಬೇರೆ ಕೋನದಿಂದ ತೆಗೆದ ಶಾಟಿಗೆ ಎಲ್ಲಕ್ಕೂ ಕೂರಬೇಕು. ಒಂದು ಕಡೆ ಎಳೆದ್ರೆ ಇನ್ನೊಂದು ಕಡೆ ಜಾರುತ್ತೆ.

ನಾನು ಶುರುಮಾಡಿದ ಹೊಸದ್ರಲ್ಲಿ ಒಂದು ಪಾಠ ಕಲಿತೆ, ಅದನ್ನ ಹೇಳ್ತೀನಿ. ಚಕ್ರ ಅಷ್ಟು ದೊಡ್ಡದು, ಒಂದು ಆರಡಿ ಜಾಗದಲ್ಲಿ ನೆಲ ಎಷ್ಟು ಬಾಗೀತು, ಚಪ್ಪಟೆ ಅಂತಾನೇ ಇಟ್ಕೊಳ್ಳೋಣ ಅಂತ ಸಾಮಾನುಗಳನ್ನೆಲ್ಲ ಸಪಾಟು ತಳದ್ದು ಮಾಡಿಟ್ಟೆ. ಯಾವುದೂ ಫ್ರೇಮಿಗೆ ಹೊಂದ್ತಿಲ್ಲ, ಎರಡು ವಾರ ಒದ್ದಾಡಿದೆ, ಕ್ಯಾಮೆರಾ ತಪ್ಪು ಅಂತ ಕ್ಯಾಮೆರಾ ತಿದ್ದಿದೆ, ಲೆನ್ಸ್ ತಪ್ಪು ಅಂತ ಲೆನ್ಸ್ ತಿದ್ದಿದೆ. ಕೊನೆಗೆ ಕಾಗದ ಪೆನ್ನು ಹಿಡ್ಕೊಂಡು ಲೆಕ್ಕ ಹಾಕಿದೆ. 38 ಅಡಿ ವ್ಯಾಸ ಅಂದ್ರೆ ತ್ರಿಜ್ಯ 19 ಅಡಿ, ಅದರ ಮೇಲೆ ಆರಡಿ ಹಲಗೆನ ತಿರುಗೋ ದಿಕ್ಕಿಗೆ ಇಟ್ರೆ ಎರಡು ತುದಿ ಮಾತ್ರ ನೆಲಕ್ಕೆ ತಾಗುತ್ತೆ, ನಡುವೆ ಸುಮಾರು 3 ಇಂಚು ಸಂದು! ಮೂರು ಇಂಚು ಅಂದ್ರೆ ನಾಲ್ಕು ಬೆರಳು ಅಡ್ಡಕ್ಕೆ ಇಟ್ಟಷ್ಟು. ಆ ಸೆಟ್ ಕಟ್ಟಿದ ಬಡಗಿಗಳು ಕುರ್ಚಿ, ಮೇಜು, ಪೆಟ್ಟಿಗೆ ಪ್ರತಿಯೊಂದಕ್ಕೂ ತಳನ ಬಾಗಿಸಿ ಕೂರಿಸಿರಬೇಕು, ಮಟ್ಟಗೋಲು ಇಟ್ಟು ನೋಡೋಕೆ ಅಲ್ಲಿ ಮಟ್ಟ ಅನ್ನೋದೇ ಇಲ್ಲ. ಸಿನಿಮಾನ ನಾನು ಎಷ್ಟೋ ಸಲ ನೋಡಿದ್ದೆ, ಆ ಬಡಗಿಗಳ ಕೈನ ಕಂಡಿದ್ದು ಮಾತ್ರ ಆ ರಾತ್ರಿ. ಈ ಕೆಲಸದ ಸುಖ ಇರೋದು ಅಲ್ಲೇ ಅಂತ ನಂಗನ್ಸುತ್ತೆ, ಐವತ್ತು ಅರವತ್ತು ವರ್ಷದ ಹಿಂದೆ ಯಾರೋ ಒಬ್ರು ಬಿಡಿಸಿದ ಸಮಸ್ಯೆನ ನಾವು ಮತ್ತೆ ಮೊದಲಿಂದ ಬಿಡಿಸ್ತೀವಿ.

ಅಳತೆ ಹಿಡಿಯೋಕೆ ಏನಾದ್ರೂ ಒಂದು ಗೊತ್ತಿರೋ ವಸ್ತು ಬೇಕು, ಇಲ್ಲಾಂದ್ರೆ ಎಲ್ಲಾ ಅಂದಾಜು. ನಮ್ಮ ಪುಣ್ಯಕ್ಕೆ ಹ್ಯಾಲ್‌ನ ಕೆಂಪು ಕಣ್ಣು ಅಂತ ಕಾಣೋದು ನಿಕಾನ್ ಕಂಪನಿಯ, ತುಂಬಾ ಅಗಲಕ್ಕೆ ನೋಡೋ 8 ಎಂಎಂ ಫಿಶ್‌ಐ ಲೆನ್ಸು, ಅಂಗಡಿಲಿ ಮಾರ್ತಿದ್ದ ನಿಜವಾದ ಲೆನ್ಸು, ಅದರ ಅಳತೆ ಇವತ್ತಿಗೂ ಸಿಗುತ್ತೆ. ಕಣ್ಣಿನ ಅಳತೆ ಗೊತ್ತಾದ್ರೆ ಅದರ ಸುತ್ತ ಇರೋ ಫಲಕದ ಅಳತೆ, ಅದರಿಂದ ಪಕ್ಕದ ಪರದೆಯದು, ಹೀಗೆ ಒಂದರಿಂದ ಒಂದಕ್ಕೆ. (ಹ್ಯಾಲ್ ಕಣ್ಣಿಂದ ಕಂಡ ಹಾಗೆ ತೋರಿಸೋ ಶಾಟುಗಳನ್ನ ತೆಗೆದಿದ್ದು ಬೇರೆ ಲೆನ್ಸಲ್ಲಿ, ಫೇರ್‌ಚೈಲ್ಡ್ ಕರ್ಟಿಸ್ ಅಂತ, ಅದನ್ನ ಇದರ ಜೊತೆ ಕಲಸ್ಕೊಂಡು ತಪ್ಪು ಮಾಡಿದೋರು ಬಹಳ ಜನ.) ಅಕ್ಷರಗಳೂ ಹಾಗೇ. ಸಿನಿಮಾದಲ್ಲಿ ಎದ್ದು ಕಾಣೋ ಅಗಲ ಅಗಲ ಅಕ್ಷರ ಯೂರೋಸ್ಟೈಲ್, 1962ರಲ್ಲಿ ಇಟಲಿಯ ಆಲ್ಡೋ ನೊವಾರೇಸೆ ಮಾಡಿದ್ದು, ಹಾಗೆ ಹೆಸರಿರೋ ಅಕ್ಷರ ಆದ್ರೆ ಅದನ್ನೇ ತಂದು ಕೂರಿಸಬಹುದು, ಊಹೆ ಬೇಕಿಲ್ಲ. ದೀಪದ ವಿಷಯ ಇನ್ನೂ ಚೆನ್ನಾಗಿದೆ, ಆ ಚಕ್ರಕ್ಕೆ ಬೆಳಕು ಬಹುಪಾಲು ಅಲ್ಲೇ ಸೆಟ್ಟಲ್ಲೇ ಕೂರಿಸಿದ ದೀಪಗಳಿಂದ ಬರುತ್ತೆ, ಕುಬ್ರಿಕ್ ಆಗಿಂದಾಗ್ಲೇ ಕೈಗೆ ಸಿಗೋ ಪೋಲರಾಯ್ಡ್ ಫೋಟೋ ತೆಗೆದು ತೆಗೆದು ಬೆಳಕು ಹದ ಮಾಡ್ತಿದ್ರಂತೆ. ಹಾಗಾಗಿ ಮಾಡೆಲಲ್ಲೂ ದೀಪಗಳನ್ನ ಸರಿಯಾದ ಜಾಗಕ್ಕೆ ಇಟ್ರೆ ನೆರಳು ತಾನಾಗೇ ಸರಿಯಾಗಿ ಬೀಳುತ್ತೆ, ಬೀಳಲಿಲ್ಲ ಅಂದ್ರೆ ಎಲ್ಲೋ ಗೋಡೆ ತಪ್ಪಿದೆ ಅಂತ ಅರ್ಥ. ಎಷ್ಟೋ ತಪ್ಪನ್ನ ನಂಗೆ ತೋರಿಸಿಕೊಟ್ಟಿದ್ದು ನೆರಳೇ.

2018ರಲ್ಲಿ ಸಿನಿಮಾಗೆ ಐವತ್ತು ವರ್ಷ ಆದಾಗ 4ಕೆ ಡಿಸ್ಕ್ ಬಂತು, ಅದೇ ವರ್ಷ ಡಿಸೆಂಬರ್ 1ಕ್ಕೆ ಜಪಾನಿನ ಎನ್‌ಎಚ್‌ಕೆ ತನ್ನ 8ಕೆ ಚಾನೆಲ್ ಶುರು ಮಾಡಿದಾಗ ಈ ಸಿನಿಮಾನೇ ಹಾಕಿದ್ರು. 65 ಎಂಎಂ ನೆಗೆಟಿವ್ ಮೇಲೆ ತೆಗೆದಿದ್ದು, ಅದರಲ್ಲಿ ಅಡಗಿರೋ ವಿವರ ಬಗೆದಷ್ಟೂ ಬರುತ್ತೆ. ಹಳೇ ಡಿವಿಡಿಲಿ ಬೂದು ಮಚ್ಚೆ ಥರ ಕಾಣ್ತಿದ್ದ ಎಷ್ಟೋ ಫಲಕಗಳು ಈಗ ಓದೋಕೆ ಬರ್ತವೆ, ಮೊದಲು ಕಟ್ಟಿದ್ದೋರು ಅಲ್ಲಲ್ಲಿ ತಮಗೆ ತೋಚಿದ ಪದ ಬರೆದಿಟ್ಟಿದ್ರು, ಅವನ್ನೆಲ್ಲ ಅಳಿಸಿ ಬರೆಯೋ ಕೆಲಸ ಇನ್ನೂ ನಡೀತಿದೆ.

ಈಗ ಜಾಲರಿ ವಿಷಯಕ್ಕೆ ಬರ್ತೀನಿ. ಸಿನಿಮಾ ಕ್ಯಾಮೆರಾ ಎಲ್ಲವನ್ನೂ ನೋಡಲ್ಲ. ಚಕ್ರದ ಒಳಗೆ ಒಂದು ಗೋಡೆಯ ಕೆಳಭಾಗ, ಸುಮಾರು ಒಂದು ಮಾರು ಉದ್ದ, ನನ್ನ ಹತ್ರ ಇರೋ ಯಾವ ಫ್ರೇಮಲ್ಲೂ ಸರಿಯಾಗಿ ಕಾಣಲ್ಲ, ಒಂದ್ರಲ್ಲಿ ನಟನ ಕಾಲು ಅಡ್ಡ, ಇನ್ನೊಂದ್ರಲ್ಲಿ ಫ್ರೇಮಿನ ಅಂಚಿಂದ ಆಚೆಗೆ. ಖಾಲಿ ಬಿಟ್ರೆ ಅಲ್ಲಿ ಒಂದು ಬೋಳು ಬೋಳು ತೇಪೆ, ಇಡೀ ಕೋಣೆ ಕಳೆಗುಂದಿದ ಹಾಗೆ ಕಾಣ್ತಿತ್ತು. ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ಅಲ್ಲಿ ಒಂದು ಗಾಳಿಜಾಲರಿ ಇದ್ರೆ ಚೆನ್ನ ಅಂತ ಅನ್ನಿಸ್ತು, ಹತ್ತು ನಿಮಿಷದಲ್ಲಿ ಆರು ಸೀಳು ಕೊರೆದು ಕೂರಿಸಿದೆ, ಐದನೇದು ಗಿಡ್ಡ ಆಯ್ತು, ನಾಳೆ ಸರಿಮಾಡೋಣ ಅಂತ ಮಲಗಿದೆ. ಆ ನಾಳೆ ಬರಲಿಲ್ಲ. ಇಡೀ ಮಾಡೆಲಲ್ಲಿ ತಿಂಗಳುಗಟ್ಟಲೆ ಅಳೆದು ಕೂರಿಸಿದ ಸಾವಿರ ವಸ್ತು ಇದ್ವು, ಹತ್ತು ನಿಮಿಷದ ಜಾಲರಿ ಒಂದು, ನೋಡೋಕೆ ಎರಡೂ ಒಂದೇ ಥರ. ಬೇರೆಯೋರಿಗೆ ಉಪಯೋಗ ಆಗ್ಲಿ ಅಂತ ಫೈಲನ್ನ ಹಂಚಿದೆ, ಜಾಲರಿ ನನ್ನ ಊಹೆ ಅಂತ ಒಂದು ಸಾಲು ಬರೀಲಿಲ್ಲ, ಬರೀಬೇಕು ಅಂತ ಹೊಳೀಲೂ ಇಲ್ಲ.

ಒಂದೂವರೆ ವರ್ಷ ಆದ್ಮೇಲೆ ಬೇರೆ ಯಾರೋ ಕಟ್ಟಿದ ಮಾಡೆಲಲ್ಲಿ ಆ ಜಾಲರಿ ಕಂಡೆ. ಆಗ ನಂಗೆ ಖುಷಿನೇ ಆಯ್ತು, ಸುಳ್ಳು ಹೇಳಲ್ಲ. ಆಮೇಲೆ ಇನ್ನೊಂದ್ರಲ್ಲಿ. ಆಮೇಲೆ ಒಬ್ಬ ಹುಡುಗ ನಂಗೇ ಪತ್ರ ಬರೆದ, ತುಂಬಾ ಗೌರವದಿಂದಲೇ, ‘ಸರ್ ನಿಮ್ಮ ಮಾಡೆಲಲ್ಲಿ ಎಡಗಡೆ ಜಾಲರಿ ಒಂದೇ ಇದೆ, ಸಿಮೆಟ್ರಿ ನೋಡಿದ್ರೆ ಒರಿಜಿನಲ್ ಸೆಟ್ಟಲ್ಲಿ ಎದುರುಗಡೆ ಗೋಡೆಲೂ ಒಂದು ಇದ್ದಿರಬೇಕಲ್ವಾ, ನಾನು ಹಾಕಿದೀನಿ’ ಅಂತ. ನನ್ನ ಊಹೆ ಮೇಲೆ ಅವನ ಊಹೆ ಎದ್ದು ನಿಂತಿತ್ತು, ಅವನ ದೃಷ್ಟಿಲಿ ಅದು ಸಾಕ್ಷಿಯಿಂದ ತೆಗೆದ ತೀರ್ಮಾನ. ಅವನಿಗೆ ನಿಜ ಬರೆದೆ, ಎಲ್ಲಾ ಕಡೆ ಹೋದ ಫೈಲುಗಳಿಗೆ ಬರೆಯೋಕಾಗುತ್ತಾ. ಈಗ ನಿಮ್ಮ ಪುರವಣಿಲಿ ಅಚ್ಚಾಗಿದೆ, ‘1968ರ ಚಿತ್ರದ ಒಂದು ದೃಶ್ಯ’. ಭಾನುವಾರ ಬೆಳಿಗ್ಗೆ ಆ ಗಿಡ್ಡ ಸೀಳು ನೋಡ್ತಾ ನಂಗೆ ನಿಜವಾಗ್ಲೂ ಸಂಕಟ ಆಯ್ತು. ಮೂಲ ವಸ್ತು ಇಲ್ಲ, ಅದನ್ನ ನಾಶ ಮಾಡಿದಾರೆ, ಹೋಗಿ ಹೋಲಿಸಿ ನೋಡೋಣ ಅಂದ್ರೆ ಜಾಗ ಇಲ್ಲ. ಇಂಥ ಕಡೆ ತಪ್ಪು ಸೇರಿದ್ರೆ ಅದನ್ನ ಹೊರಗೆ ಹಾಕೋರು ಯಾರು? ಅದನ್ನ ಸೇರಿಸಿದೋನೇ ಹಾಕಬೇಕು.

ಶಾಸನ ಓದೋರನ್ನ ನೋಡಿ, ಕಲ್ಲು ಸವೆದು ಅಕ್ಷರ ಹೋಗಿರೋ ಕಡೆ ಚುಕ್ಕಿ ಚುಕ್ಕಿ ಹಾಕಿ ಬಿಡ್ತಾರೆ, ತಮಗೆ ಇಂಥ ಅಕ್ಷರ ಇರಬಹುದು ಅನ್ನಿಸಿದ್ರೆ ಆವರಣದೊಳಗೆ ಹಾಕ್ತಾರೆ, ಓದೋನಿಗೆ ಇದು ಕಲ್ಲಿಂದು, ಇದು ಓದಿದೋರದ್ದು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ತಾಳೆಗರಿ ಸಂಪಾದನೆ ಮಾಡೋರು ಎರಡು ಪ್ರತಿಲಿ ಎರಡು ಥರ ಇದ್ರೆ ಪಾಠಾಂತರ ಅಂತ ಅಡಿಯಲ್ಲಿ ಕೊಡ್ತಾರೆ. ಅಭಿಮಾನಿಗಳ ಈ ಕೆಲಸನೂ ಹೆಚ್ಚುಕಮ್ಮಿ ಅದೇ ಜಾತಿದು ಅಂತ ನಾನು ನಂಬಿದೀನಿ, ಶ್ರದ್ಧೆ ಅಷ್ಟೇ ಇದೆ, ಆದ್ರೆ ಆ ಚುಕ್ಕಿ ಹಾಕೋ ಅಭ್ಯಾಸ ನಮ್ಮಲ್ಲಿ ಇನ್ನೂ ಬಂದಿಲ್ಲ. ರೆಂಡರ್, ಅಂದ್ರೆ ಮಾಡೆಲ್ಲಿಂದ ಕಂಪ್ಯೂಟರ್ ತೆಗೆದುಕೊಡೋ ಚಿತ್ರ, ಎಷ್ಟು ಹೊಳೆಯುತ್ತೆ, ಗೋಡೆ ಮೇಲಿನ ಗೀರು ಎಷ್ಟು ನಿಜ ಅನ್ಸುತ್ತೆ ಅನ್ನೋದನ್ನೇ ಕರಾರುವಾಕ್ಕು ಅಂತ ಕರೀತೀವಿ. ನಂಗೀಗ ಅನ್ಸೋದು, ಪ್ರತಿಯೊಂದು ವಸ್ತುಗೂ ‘ಇದನ್ನ ಇಂಥ ಶಾಟಿಂದ ತಗೊಂಡೆ’ ಅಂತ ಹೇಳೋಕಾದ್ರೆ ಅದು ಕರಾರುವಾಕ್ಕು, ಹೇಳೋಕಾಗಲ್ಲ ಅಂದ್ರೆ ಎಷ್ಟೇ ಚೆನ್ನಾಗಿ ಕಂಡ್ರೂ ಅಲಂಕಾರ.

ಅಂದಹಾಗೆ ಮೂಲದಲ್ಲೇ ತಾಳೆ ಆಗದ ಕಡೆ ಏನು ಮಾಡೋದು ಅನ್ನೋದು ಇನ್ನೊಂದು ದೊಡ್ಡ ಪ್ರಶ್ನೆ. ಡಿಸ್ಕವರಿ ಮುಂಭಾಗದಲ್ಲಿರೋ ಚೆಂಡಿನಂಥ ಗುಂಡಿನ ಒಳಗೆ ಈ 38 ಅಡಿ ಚಕ್ರ, ಮೂರು ಪಾಡ್ (ಒಬ್ಬರು ಕೂತು ಹೊರಗೆ ಹೋಗೋ ಪುಟ್ಟ ನೌಕೆ) ನಿಲ್ಲೋ ಕೋಣೆ, ಮೇಲೆ ಚಾಲಕರ ಕೋಣೆ, ಹ್ಯಾಲ್‌ನ ನೆನಪಿನ ಕೋಣೆ ಎಲ್ಲಾ ಹಿಡೀಬೇಕು, ತೋರಿಸಿರೋ ಅಳತೆಲಿ ಎಲ್ಲವನ್ನೂ ತುರುಕೋಕೆ ಹೋದ್ರೆ ಗುಂಡು ಸಾಲಲ್ಲ. 1977ರ ‘ಸ್ಟಾರ್ ವಾರ್ಸ್’ ಸಿನಿಮಾದ ಮಿಲೇನಿಯಂ ಫಾಲ್ಕನ್ ನೌಕೆಗೂ ಇದೇ ಕಥೆ, ಒಳಗಿನ ಸೆಟ್ಟು ಹೊರಗಿನ ಆಕಾರದೊಳಗೆ ಹಿಡಿಯಲ್ಲ ಅಂತ ಅಭಿಮಾನಿಗಳು ಎಷ್ಟೋ ವರ್ಷದಿಂದ ವಾದ ಮಾಡ್ತಾನೇ ಇದಾರೆ. ಕೆಲವರು ನೌಕೆನ ಹಿಗ್ಗಿಸ್ತಾರೆ, ಕೆಲವರು ಕೋಣೆ ಕುಗ್ಗಿಸ್ತಾರೆ. ನನ್ನ ಮಟ್ಟಿಗೆ ಎರಡೂ ಬೇಡ, ಕಟ್ಟಿದ ಸೆಟ್ಟು ಎಷ್ಟಿತ್ತೋ ಅಷ್ಟೇ ಇರ್ಲಿ, ಹಿಡಿಯಲಿಲ್ಲ ಅಂತ ಬರೆದಿಡಿ. ಸಿನಿಮಾದೋರು ಕಟ್ಟಿದ್ದು ಸೆಟ್ಟನ್ನ, ನೌಕೆನ ಅಲ್ಲ.

ಎಲ್ಲರಿಗೂ ನಮ್ಮಷ್ಟು ಕಷ್ಟ ಇರಲ್ಲ. 1979ರ ‘ಏಲಿಯನ್’ ಸಿನಿಮಾದ ನಾಸ್ಟ್ರೋಮೋ ನೌಕೆಯ ಸೆಟ್ಟನ್ನ ಕೋಣೆ ಕೋಣೆ ಬಿಡಿಬಿಡಿಯಾಗಿ ಕಟ್ಟದೆ ಒಂದಕ್ಕೊಂದು ಸೇರಿಸಿ ಕಟ್ಟಿದ್ರು, ನಟರು ಒಳಗೆ ಹೋಗಿ ಬರೋಕೂ ಆ ಓಣಿಗಳಲ್ಲೇ ಓಡಾಡಬೇಕಿತ್ತು, ಹಾಗಾಗಿ ಅದನ್ನ ಮತ್ತೆ ಕಟ್ಟೋರಿಗೆ ಯಾವ ಬಾಗಿಲು ಎಲ್ಲಿಗೆ ತೆರ್ಕೊಳ್ಳುತ್ತೆ ಅನ್ನೋ ಗೊಂದಲ ಕಡಿಮೆ. 2014ರಲ್ಲಿ ಆ ಸಿನಿಮಾ ಆಧರಿಸಿ ಒಂದು ಗೇಮ್ ಬಂತು, ಅದನ್ನ ಮಾಡಿದೋರಿಗೆ ಸ್ಟುಡಿಯೋನೇ ತನ್ನ ಹಳೇ ಕಡತದಿಂದ ರಾಶಿ ರಾಶಿ ಫೋಟೋ, ಚಿತ್ರ ಕೊಟ್ಟಿತ್ತು. ಇನ್ನು ಉಲ್ಟಾ ಆಗಿರೋದೂ ಇದೆ. ಸ್ಟಾರ್ ಟ್ರೆಕ್ ಟಿವಿ ಸರಣಿಯ ಎಂಟರ್‌ಪ್ರೈಸ್ ನೌಕೆನ ಅಭಿಮಾನಿಗಳ ಒಂದು ತಂಡ ‘ಸ್ಟೇಜ್ 9’ ಅನ್ನೋ ಹೆಸರಲ್ಲಿ ಅನ್ರಿಯಲ್ ಎಂಜಿನ್ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರಲ್ಲಿ ಕಟ್ಟಿತ್ತು, ಯಾರು ಬೇಕಾದ್ರೂ ಒಳಗೆ ಹೋಗಿ ಓಣಿ ಓಣಿ ಸುತ್ತಬಹುದಿತ್ತು, ದುಡ್ಡು ತಗೊಳ್ತಿರಲಿಲ್ಲ. 2018ರಲ್ಲಿ ಹಕ್ಕು ಇದ್ದ ಸಿಬಿಎಸ್ ಕಂಪನಿಯಿಂದ ನಿಲ್ಲಿಸಿ ಅಂತ ಪತ್ರ ಬಂತು, ನಿಲ್ಲಿಸಿದ್ರು. ಹಕ್ಕು ಅವರದ್ದು, ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ಆ ತಂಡ ಅಳೆದು ಕಂಡುಕೊಂಡಿದ್ದನ್ನಾದ್ರೂ ಎಲ್ಲೋ ಒಂದು ಕಡೆ ಇಡೋಕೆ ದಾರಿ ಬೇಕಿತ್ತು. ಆಮೇಲೆ 2023ರಲ್ಲಿ ರಾಡೆನ್‌ಬೆರಿ ಆರ್ಕೈವ್ ಅನ್ನೋ ಅಧಿಕೃತ ಯೋಜನೆಯಲ್ಲೇ ಬೇರೆ ಬೇರೆ ಕಾಲದ ಎಂಟರ್‌ಪ್ರೈಸ್‌ಗಳ ಒಳಗೆ ಓಡಾಡೋ ಹಾಗೆ ಮಾಡಿದ್ರು, ಅಂದ್ರೆ ಇದು ಬೇಕಾಗಿರೋ ಕೆಲಸ ಅಂತ ಅವರಿಗೂ ಗೊತ್ತು.

ನಿಮ್ಮಲ್ಲಿ ನನ್ನ ಬೇಡಿಕೆ ಎರಡು. ಮೊದಲನೇದು, ಮುಂದಿನ ಭಾನುವಾರ ಅದೇ ಪುರವಣಿಲಿ, ಸಾಧ್ಯ ಆದ್ರೆ ಅದೇ ಪುಟದಲ್ಲಿ, ‘ಕಳೆದ ವಾರದ ಚಿತ್ರ ಸಿನಿಮಾದ ದೃಶ್ಯವಲ್ಲ, ಅಭಿಮಾನಿಗಳು ಕಂಪ್ಯೂಟರ್‌ನಲ್ಲಿ ಮರುನಿರ್ಮಿಸಿದ್ದು, ಎಡಗೋಡೆಯ ಗಾಳಿಜಾಲರಿಗೆ ಮೂಲದಲ್ಲಿ ಆಧಾರ ಸಿಕ್ಕಿಲ್ಲ’ ಅಂತ ಹಾಕಿ. ಜಾಲರಿ ಮಾತನ್ನ ಬಿಡಬೇಡಿ ದಯವಿಟ್ಟು, ಓದೋರಿಗೆ ಅದು ಚಿಲ್ಲರೆ ಅನ್ನಿಸಬಹುದು, ಆದ್ರೆ ಆ ಚಿತ್ರ ನೋಡಿ ನಾಳೆ ಮಾಡೆಲ್ ಕಟ್ಟೋಕೆ ಕೂರೋ ಒಬ್ಬ ಹುಡುಗಿಗೋ ಹುಡುಗನಿಗೋ ಬೇಕಾಗಿರೋದು ಆ ಸಾಲೇ. ಎರಡನೇದು, ಇನ್ನು ಮುಂದೆ ಇಂಥ ಮರುನಿರ್ಮಾಣಗಳ ಬಗ್ಗೆ ಬರೆಯುವಾಗ, ಬರೀರಿ, ಖಂಡಿತ ಬರೀರಿ, ಕಟ್ಟಿದೋರನ್ನ ‘ಎಷ್ಟು ತಿಂಗಳು ಹಿಡೀತು’ ಅಂತ ಕೇಳೋ ಜೊತೆಗೆ ‘ಇದರಲ್ಲಿ ನಿಮ್ಮ ಊಹೆ ಯಾವುದ್ಯಾವುದು’ ಅಂತಾನೂ ಕೇಳಿ. ಒಳ್ಳೆ ಕೆಲಸ ಮಾಡಿರೋರು ಆ ಪ್ರಶ್ನೆಗೆ ತುಂಬಾ ಖುಷಿಯಿಂದ, ತುಂಬಾ ಹೊತ್ತು ಉತ್ತರ ಕೊಡ್ತಾರೆ, ನಾನು ಕಂಡ ಹಾಗೆ.

ನನ್ನ ಫೈಲನ್ನ ಈ ವಾರ ಪೂರ್ತಿ ಕೂತು ತಿದ್ದಿದೀನಿ. ಫ್ರೇಮಿಂದ ಅಳೆದಿದ್ದೆಲ್ಲ ಅದರ ಬಣ್ಣದಲ್ಲೇ ಇದೆ, ಎದುರುಗಡೆ ಗೋಡೆ ನೋಡಿ ಹೀಗೇ ಇರಬಹುದು ಅಂತ ಹಾಕಿದ್ದು ಹಳದಿ, ಬರೀ ಊಹೆ ಕೆಂಪು. ಒಂದು ಬಟನ್ ಒತ್ತಿದ್ರೆ ಬಣ್ಣ ಹೋಗಿ ಕೋಣೆ ಮಾಮೂಲಿನ ಹಾಗೆ ಕಾಣುತ್ತೆ, ಇನ್ನೊಂದು ಸಲ ಒತ್ತಿದ್ರೆ ಮತ್ತೆ ಬರುತ್ತೆ. ಮೊದಲ ಸಲ ಒತ್ತಿದಾಗ ಎಣಿಸಿದ್ದಕ್ಕಿಂತ ಕೆಂಪು ಜಾಸ್ತಿ ಇತ್ತು, ಏಣಿಯ ಹಿಂಭಾಗ, ಒಂದು ಮೇಜಿನ ತಳ, ನೆಲದ ಒಂದು ಉದ್ದ ಪಟ್ಟಿ, ಇವೆಲ್ಲ ನನ್ನವೇ ಅನ್ನೋದೇ ಮರೆತುಹೋಗಿತ್ತು. ಜಾಲರಿ ತೆಗೆದುಹಾಕಿದೀನಿ. ಅದಿದ್ದ ಜಾಗ ಈಗ ಬೋಳು, ಮುಟ್ಟಿದ್ರೆ ‘ಇಲ್ಲಿ ಏನಿತ್ತು ಅಂತ ಯಾವ ಶಾಟಲ್ಲೂ ಕಂಡಿಲ್ಲ’ ಅಂತ ಒಂದು ಸಾಲು ಬರುತ್ತೆ. ನಿಮ್ಮ ಓದುಗರಲ್ಲಿ ಯಾರ ಹತ್ರನಾದ್ರೂ ಆ ಸಿನಿಮಾದ ಹಳೇ ಪ್ರಚಾರದ ಫೋಟೋ, ಆ ಕಾಲದ ಪತ್ರಿಕೆಗಳಲ್ಲಿ ಬಂದ ಶೂಟಿಂಗ್ ಸಮಯದ ಫೋಟೋ ಇದ್ರೆ, ಚಕ್ರದ ಎಡಗೋಡೆಯ ಕೆಳಭಾಗ ಕಾಣುತ್ತಾ ಅಂತ ಒಂದ್ಸಲ ನೋಡಿ, ಕಂಡ್ರೆ ನಿಮ್ಮ ಪತ್ರಿಕೆಗೆ ಬರೆದು ತಿಳಿಸಿ.

ಇಂತಿ,
ನಿಮ್ಮ ಒಬ್ಬ ಓದುಗ